ಸುಲ್ತಾನ ಹಳ್ಳ ದಾಟಿದ್ದು

ಕುದುರೆ ಏರಿದವನಿಗೆ ಗಾಂಭೀರ್ಯ ತಾನಾಗಿ ಬರುತ್ತದೆ ಎಂದು ನಂಬಿರುವವರು ಯಾರೂ ಕುದುರೆ ಏರಿದವರಲ್ಲ. ನಾನು ಜೀವಮಾನದಲ್ಲಿ ಒಂದೇ ಸಲ ಏರಿದ್ದೇನೆ, ಅದೂ ನನ್ನ ಮದುವೆಯ ದಿನ. ಆವತ್ತು ನನಗೆ ಬಂದದ್ದು ಸೊಂಟನೋವು. ಗಾಂಭೀರ್ಯವೆಲ್ಲ ನನ್ನ ಮುಂದೆ ನಡೆಯುತ್ತಿದ್ದ ಒಂದು ಕತ್ತೆಯ ಪಾಲಾಯಿತು. ನಗಬೇಡಿ, ಅಥವಾ ನಕ್ಕು ಮುಗಿಸಿಕೊಂಡು ಬನ್ನಿ. ಕತ್ತೆಗೂ ನನ್ನ ಮದುವೆಗೂ ನಂಟು ಬೆಳೆದದ್ದು ಹೇಗೆಂದು ಹೇಳಬೇಕಾದರೆ ಮೊದಲು ಕುದುರೆಯ ವಿಚಾರಕ್ಕೆ ಬರಬೇಕು.

ನಾನು ತುಮಕೂರಿನಲ್ಲಿ ಪುಸ್ತಕ ಬೈಂಡಿಂಗ್ ಮಾಡುವವನು. ಚಿಕ್ಕಂದಿನಲ್ಲೇ ಅಪ್ಪ ತೀರಿಕೊಂಡರು. ನನ್ನನ್ನು ಬೆಳೆಸಿದವರು ಗುಬ್ಬಿಯ ನನ್ನ ಸೋದರಮಾವ, ಜಟಕಾ ಓಡಿಸುತ್ತಿದ್ದ ರಹೀಂ ಮಾಮು. ಎಪ್ಪತ್ತರ ದಶಕದ ಕೊನೆಯಲ್ಲಿ ಅವರ ಹಳೆಯ ಕುದುರೆಗೆ ವಯಸ್ಸಾಗಿ, ಗಾಡಿ ಎಳೆಯುವುದಕ್ಕಿಂತ ಗಾಡಿಯಲ್ಲಿ ಕೂರುವುದೇ ವಾಸಿ ಎಂಬ ಮುಖ ಮಾಡತೊಡಗಿತು. ಮಾಮು ಹುಲಿಯೂರುದುರ್ಗದ ಗೌಡರೊಬ್ಬರ ಹತ್ತಿರ ಹೊಸ ಕುದುರೆ ಹಿಡಿದುಕೊಂಡು ಬಂದರು. ಕಂದು ಮೈ, ಹಣೆಯಲ್ಲಿ ಬಿಳಿ ಬೊಟ್ಟು, ಒಳ್ಳೆಯ ನಿಲುವು. ಸುಲ್ತಾನ ಎಂದು ಹೆಸರಿಟ್ಟರು. ರೈಲ್ವೆ ಸ್ಟೇಷನ್ನಿನ ಎದುರು ನಿಂತು, ಕೇಳಿದವರಿಗೂ ಕೇಳದವರಿಗೂ "ಕುಣಿಗಲ್ ಕುದುರೆ" ಎಂದರು. ಕುಣಿಗಲ್ ರೇಸಿನ ಕುದುರೆಗಳು ಹುಟ್ಟುವ ಊರು. ಸುಲ್ತಾನ ಆ ಊರಿನ ಬಸ್ ಸ್ಟ್ಯಾಂಡಿನ ಪಕ್ಕ ನಡೆದುಕೊಂಡು ಬಂದದ್ದಂತೂ ಸುಳ್ಳಲ್ಲ.

ಗೌಡರ ಮನೆಯಲ್ಲಿ ಬೆಳೆದ ಸುಲ್ತಾನನಿಗೆ ಕನ್ನಡ ಬಿಟ್ಟು ಬೇರೆ ಭಾಷೆ ಬರುತ್ತಿರಲಿಲ್ಲ. ನಮ್ಮದು ಮನೆಯಲ್ಲಿ ಉರ್ದು. ಆದರೆ ಲಾಯದ ಹತ್ತಿರ ಯಾರೂ ಉರ್ದು ಮಾತಾಡಕೂಡದೆಂದು ಮಾಮು ಕಟ್ಟಪ್ಪಣೆ ಮಾಡಿದರು. "ಅವ್ನಿಗೆ ಅರ್ಥ ಆಗ್ದಿರೋ ಮಾತಾಡಿದ್ರೆ, ನನ್ ಮೇಲೇ ಏನೋ ಸಂಚು ಮಾಡ್ತವ್ರೆ ಅನ್ಕೊತಾನೆ ಕಣೋ" ಎಂಬುದು ಅವರ ವಾದ. ಹೀಗೆ ನಮ್ಮ ಮನೆಯಲ್ಲಿ ಅಡುಗೆಮನೆ ಉರ್ದುವಿನಲ್ಲೂ ಹಿತ್ತಲು ಕನ್ನಡದಲ್ಲೂ ನಡೆಯುತ್ತಿತ್ತು.

ಕುದುರೆಯಲ್ಲಿ ಒಂದೇ ಐಬು. ನೀರು ಕಂಡರೆ ನಿಲ್ಲುತ್ತಿತ್ತು. ಕುಡಿಯುವ ನೀರಲ್ಲ, ನೆಲದ ಮೇಲಿನ ನೀರು. ಹಳ್ಳ ಹಾಗಿರಲಿ, ಬೀದಿ ನಲ್ಲಿಯ ಕೆಳಗಿನ ಕೆಸರಿಗೂ ಕಾಲು ಬೇರು ಬಿಟ್ಟವನಂತೆ ನಿಂತು, ಕಿವಿ ನಿಮಿರಿಸಿ, ಬುಸುಗುಟ್ಟುತ್ತಿದ್ದ. ಮಾಮುವಿನ ಮನೆಗೂ ಸ್ಟೇಷನ್ನಿಗೂ ನಡುವೆ ಕೆರೆ ಕೋಡಿಯ ಹಳ್ಳವಿತ್ತು. ಮನುಷ್ಯರು ದಾಟಲು ಕಲ್ಲುಚಪ್ಪಡಿ ಹಾಸಿದ್ದರು, ಗಾಡಿಗಳು ನೀರಿನಲ್ಲೇ ಇಳಿದು ಹೋಗಬೇಕು. ಸುಲ್ತಾನ ಇಳಿಯುತ್ತಿರಲಿಲ್ಲ. ಮಾಮು ಕೆರೆ ಏರಿಯ ಮೇಲೆ ಸುತ್ತು ಹಾಕಿ ಸ್ಟೇಷನ್ ಸೇರುವಷ್ಟರಲ್ಲಿ ರೈಲಿನಿಂದ ಇಳಿದವರು ಬೇರೆ ಜಟಕಾ ಹತ್ತಿ, ಮನೆಗೆ ಹೋಗಿ, ಕಾಫಿ ಕುಡಿದಿರುತ್ತಿದ್ದರು. ಗುಬ್ಬಿಯಿಂದ ಹೊರಡುವವರು, "ಸಾಬ್ರ ಗಾಡೀಲಿ ಹೋದ್ರೆ ನಾಳೆ ರೈಲು ಸಿಗುತ್ತೆ" ಎಂದು ನಗುತ್ತಿದ್ದರು.

ಇಂಥ ಹೊತ್ತಿನಲ್ಲಿ ನನಗೆ ಹಳ್ಳದ ಆ ಕಡೆಯ ಬೀದಿಯಲ್ಲಿ ಹೆಣ್ಣು ಗೊತ್ತಾಯಿತು. ಹುಡುಗಿಯ ಹೆಸರು ಜಮೀಲಾ, ತಂದೆ ಕೊಬ್ಬರಿ ವ್ಯಾಪಾರದ ಖಲೀಲ್ ಸಾಹೇಬರು. ಅವರು ಮಾತಿನ ನಡುವೆ, "ಮದುವೆ ಗಂಡಿಗೆ ನಾನೇ ಕಾರು ಕಳಿಸ್ತೀನಿ. ನಿಮ್ಮ ಕುದುರೆಗೆ ನೀರಂದ್ರೆ ಆಗಲ್ವಂತಲ್ಲ" ಎಂದರು. ಸಹಾಯವೆಂದೇ ಹೇಳಿರಬಹುದು. ಮಾಮುವಿನ ಮೀಸೆ ಮಾತ್ರ ನಡುಗಿತು. "ನನ್ ಹುಡುಗ ನನ್ ಕುದುರೆ ಮೇಲೇ ಬರ್ತಾನೆ. ಹಳ್ಳ ದಾಟ್ಕೊಂಡೇ ಬರ್ತಾನೆ" ಎಂದುಬಿಟ್ಟರು. ನನ್ನನ್ನಾಗಲಿ, ಕುದುರೆಯನ್ನಾಗಲಿ ಒಂದು ಮಾತು ಕೇಳಲಿಲ್ಲ.

ಕೈಗೆ ಬಂದ ಪುಸ್ತಕವನ್ನು ಓದದೆ ಹೊಲಿಯುವವನಲ್ಲ ನಾನು. ಬೈಂಡಿಗೆ ಬಂದಿದ್ದ ಚರಿತ್ರೆಯ ಪುಸ್ತಕಗಳನ್ನೆಲ್ಲ ತಿರುವಿಹಾಕಿದೆ. ಎಲ್ಲದರಲ್ಲೂ ರಾಜರು ಹೊಳೆ ದಾಟುತ್ತಾರೆ. ಸಾವಿರಾರು ಕುದುರೆಗಳ ಸೇನೆ, ತುಂಬಿದ ಹೊಳೆ, ಅರ್ಧ ವಾಕ್ಯದಲ್ಲಿ ಆ ದಡ. ಅಷ್ಟು ಕುದುರೆಗಳಲ್ಲಿ ಒಂದಾದರೂ "ನಾನು ಬರೋದಿಲ್ಲ" ಎನ್ನಲಿಲ್ಲವೇ? ಅಂದಿದ್ದರೆ ಅದನ್ನು ಹೇಗೆ ಒಪ್ಪಿಸಿದರು? ಅದು ಮಾತ್ರ ಯಾವ ಪುಸ್ತಕದಲ್ಲೂ ಇಲ್ಲ. ಚರಿತ್ರೆ ಬರೆದವರು ಯಾರೂ ಹಗ್ಗ ಹಿಡಿದು ನೀರಿನ ಅಂಚಿನಲ್ಲಿ ನಿಂತವರಲ್ಲವೆಂದು ತೋರುತ್ತದೆ. ಒಂದು ಕಡೆ, ಕುದುರೆಯ ಕಣ್ಣು ತಲೆಯ ಪಕ್ಕದಲ್ಲಿರುವುದರಿಂದ ಮೂಗಿನ ಕೆಳಗಿನದು ಅದಕ್ಕೆ ಕಾಣುವುದಿಲ್ಲ ಎಂದಿತ್ತು. ಪಾಪ, ಅದರ ಪಾಲಿಗೆ ಅಂಗೈಯಗಲದ ನೀರೂ ತಳವಿಲ್ಲದ ಬಾವಿಯೇ.

ಮಾಮು ಚಾವಟಿ ಬೀಸಿ ಸದ್ದು ಮಾಡುತ್ತಿದ್ದರೇ ಹೊರತು ಹೊಡೆಯುತ್ತಿರಲಿಲ್ಲ. ಹೊಡೆದು ಇಳಿಸುವುದು ಬೇಡ ಎಂದು ಇಬ್ಬರೂ ತೀರ್ಮಾನಿಸಿದೆವು. ನಾನು ಕೆಲಸಕ್ಕೆ ರಜೆ ಹಾಕಿ ಗುಬ್ಬಿಗೆ ಬಂದೆ, ಹಿತ್ತಲಿನಿಂದಲೇ ಪಾಠ ಶುರುವಾಯಿತು. ಲಾಯದ ಮುಂದೆ ಒದ್ದೆ ಗೋಣಿಚೀಲ ಹಾಸಿದೆವು. ಸುಲ್ತಾನ ಮೂಸಿದ, ಹಾರಿ ದಾಟಿದ. ಇನ್ನೊಂದು ಹಾಸಿದೆವು, ಇನ್ನೂ ಉದ್ದ ಹಾರಿದ. ಮಾಮಿ ಅಡುಗೆಮನೆಯಿಂದ ಇಣುಕಿ, "ನೀರಿಗೆ ಇಳಿಯೋದು ಕಲಿಸ್ತಾ ಇದೀರೋ, ಸರ್ಕಸ್ಸಿಗೆ ಸೇರಿಸ್ತಾ ಇದೀರೋ?" ಎಂದರು. ಹಿತ್ತಲ ತುಂಬ ಚೀಲ ಹಾಸಿದ ಮೇಲೆ ಹಾರಲು ಜಾಗವಿಲ್ಲದೆ ಕಾಲಿಟ್ಟ. ಬೆಲ್ಲ ಕೊಟ್ಟೆವು. ಚೀಲ ತೆಗೆದು ನೀರು ನಿಲ್ಲಿಸಿದೆವು. ಮುಖ ಕಿವುಚಿಕೊಂಡು ಅದರಲ್ಲೂ ನಿಂತ. ಮತ್ತೆ ಬೆಲ್ಲ ಕೊಟ್ಟೆವು.

ಧೈರ್ಯ ಬಂದು ಹಳ್ಳಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಬಟ್ಟೆ ಒಗೆಯುತ್ತಿದ್ದ ಮಡಿವಾಳರ ಪುಟ್ಟಮ್ಮ ಒಗೆಯುವುದನ್ನು ನಿಲ್ಲಿಸಿ ನೋಡುತ್ತ ನಿಂತಳು. ಮಾಮು ಹಗ್ಗ ಬಿಗಿಯಾಗಿ ಹಿಡಿದು, "ಬಾರಪ್ಪ ಸುಲ್ತಾನ, ನಮ್ಮಪ್ಪ ಅಲ್ವಾ" ಎಂದು ಗೋಗರೆದರು. ಸುಲ್ತಾನ ಗೋಡೆಯಾದ. "ನಾನು ಇಳಿದು ತೋರಿಸ್ತೀನಿ, ನೋಡಿ ಕಲೀಲಿ" ಎಂದು ನಾನು ಪೈಜಾಮ ಮಡಿಸಿ ನೀರಿಗೆ ಇಳಿದೆ. ಪಾಚಿಯ ಮೇಲೆ ಕಾಲಿಟ್ಟದ್ದಷ್ಟೇ ನೆನಪು. ಎದ್ದಾಗ ಒಂದು ಚಪ್ಪಲಿ ತೇಲಿಕೊಂಡು ಹೋಗುತ್ತಿತ್ತು. ನೀರಿನ ಬಗ್ಗೆ ತಾನು ಹೇಳುತ್ತ ಬಂದಿದ್ದೆಲ್ಲ ಸರಿ ಎಂಬಂತೆ ಸುಲ್ತಾನ ನನ್ನನ್ನೇ ನೋಡುತ್ತಿದ್ದ.

"ಸಾಬ್ರೇ, ಮೊದ್ಲು ಮದ್ವೆ ಗಂಡಿಗೆ ಕಲ್ಸಿ!" ಎಂದು ಪುಟ್ಟಮ್ಮ ನಗುತ್ತ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟಳು.

ನನ್ನನ್ನು ನೋಡಿ ನಗುವುದರಲ್ಲಿ ಮಾಮು ಕೈಯಲ್ಲಿದ್ದ ಹಗ್ಗವನ್ನು ಸಡಿಲ ಬಿಟ್ಟಿದ್ದರು. ಅದೇ ಹೊತ್ತಿಗೆ ಪುಟ್ಟಮ್ಮನ ಕತ್ತೆ ಚೆಲುವಿ, ಬೆನ್ನಿನ ಮೇಲೆ ಬಟ್ಟೆಯ ಗಂಟು ಹೊತ್ತು, ನಮ್ಮ ಯಾರ ಗೊಡವೆಯೂ ಇಲ್ಲದೆ ಪಚಪಚ ನೀರಿನಲ್ಲಿ ಹೊರಟಳು. ಸುಲ್ತಾನ ಕತ್ತು ಬಗ್ಗಿಸಿ ನೀರು ಮೂಸಿದ. ಬಿಗಿಹಗ್ಗದಲ್ಲಿ ಇಷ್ಟು ದಿನ ಅವನಿಗೆ ತಲೆ ಬಗ್ಗಿಸಲು ನಾವೇ ಬಿಟ್ಟಿರಲಿಲ್ಲ. ಒಂದು ಕಾಲಿಟ್ಟ, ತೆಗೆದ, ಮತ್ತೆ ಇಟ್ಟ. ಆಮೇಲೆ ಚೆಲುವಿಯ ಬಾಲಕ್ಕೆ ಮೂಗು ಹಚ್ಚಿಕೊಂಡು ಸರಸರನೆ ಹಳ್ಳ ದಾಟಿಬಿಟ್ಟ! ಮಾಮು ದಡದಲ್ಲೇ ಕೂತು ಕಣ್ಣೊರೆಸಿಕೊಂಡರು. ನಗುವಿನ ನೀರೋ ಬೇರೆಯದೋ ಕೇಳುವ ಧೈರ್ಯ ನನಗಾಗಲಿಲ್ಲ.

ಅಲ್ಲಿಂದ ಮುಂದೆ ದಿನಾ ಬೆಳಗ್ಗೆ ಸುಲ್ತಾನನೂ ಚೆಲುವಿಯೂ ಜೊತೆಯಲ್ಲಿ ದಾಟತೊಡಗಿದರು. ಮೊದಲು ಚೆಲುವಿ ಮುಂದೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಅವಳು ಆ ದಡದಲ್ಲಿ ಕಾಣುವಂತೆ ನಿಂತಿದ್ದರೆ ಸಾಕು, ಸುಲ್ತಾನ ತಾನೇ ಇಳಿಯುವಷ್ಟಾಯಿತು. ಆದರೆ ಅವಳು ಕಾಣದಿದ್ದರೆ ಹೆಜ್ಜೆ ಎತ್ತುತ್ತಿರಲಿಲ್ಲ. ಅಷ್ಟರಲ್ಲಿ ಮದುವೆಯ ದಿನ ಬಂತು. ಮಾಮು ಪುಟ್ಟಮ್ಮನ ಜೊತೆ ಗುಟ್ಟಾಗಿ ಮಾತಾಡಿದರು. ಆ ದಡದ ಹೊಂಗೆ ಮರದ ಹಿಂದೆ ಚೆಲುವಿಯನ್ನು ಹಿಡಿದು ನಿಲ್ಲಬೇಕು. "ಸುಲ್ತಾನಂಗೆ ಕಾಣ್ಬೇಕು ಕಣಮ್ಮ, ಬೀಗ್ರಿಗೆ ಕಾಣ್ಬಾರ್ದು."

"ಅದೆಂಗ್ ಸಾಬ್ರೇ? ಅರ್ಧ ಕತ್ತೆ ನಿಲ್ಲುಸ್ಲಾ?" ಎಂದಳು ಪುಟ್ಟಮ್ಮ.

ಬೆಳಗಿನ ನಿಕಾಹ್. ಮುಖದ ತುಂಬ ಹೂವಿನ ಸೆಹರಾ ಇಳಿಬಿಟ್ಟು ನನ್ನನ್ನು ಕುದುರೆ ಹತ್ತಿಸಿದರು. ಮಲ್ಲಿಗೆಯ ವಾಸನೆ ಬಿಟ್ಟರೆ ನನಗೆ ಜಗತ್ತಿನಲ್ಲಿ ಏನೂ ಉಳಿಯಲಿಲ್ಲ. ಸುಲ್ತಾನ ನೀರಿಗಿಳಿದದ್ದು ಸದ್ದಿನಿಂದ ಗೊತ್ತಾಯಿತು. ನಡುನೀರಿನಲ್ಲಿದ್ದಾಗ, ಚಪ್ಪಡಿಯ ಮೇಲೆ ಬರುತ್ತಿದ್ದ ಬ್ಯಾಂಡಿನವರಿಗೆ ಹುರುಪು ಬಂದು ಒಮ್ಮೆಗೇ ಡ್ರಮ್ ಬಾರಿಸಿದರು. ಸುಲ್ತಾನ ನಿಂತ. ಮೈಯೆಲ್ಲ ನಡುಗತೊಡಗಿತು. "ನಿಲ್ಸ್ರೋ ಬ್ಯಾಂಡು!" ಎಂದು ಮಾಮು ಕೂಗಿದರು. ಬ್ಯಾಂಡು ನಿಂತರೂ ಕುದುರೆ ಹೊರಡಲಿಲ್ಲ. ನಾನು ಕಣ್ಣಿಲ್ಲದೆ ಅದರ ಕತ್ತನ್ನು ತಬ್ಬಿಕೊಂಡು, ಗೊತ್ತಿದ್ದ ದುವಾಗಳನ್ನೆಲ್ಲ ಒಂದರೊಳಗೊಂದು ಕಲಸಿ ಹೇಳುತ್ತಿದ್ದೆ.

ಆಗ ಪುಟ್ಟಮ್ಮನ ದನಿ, "ಏಯ್ ಚೆಲುವಿ, ನಿಂತ್ಕೊಳೇ!" ಆಮೇಲೆ ಪಚಪಚ ಸದ್ದು. ಚೆಲುವಿ ಅವಳ ಕೈಯಿಂದ ಕೊಸರಿಕೊಂಡು ತಾನೇ ನೀರಿಗೆ ಇಳಿದು ಬಂದಿದ್ದಳು. ಸುಲ್ತಾನನ ಮೂಗಿಗೆ ಮೂಗು ತಾಗಿಸಿ ತಿರುಗಿ ನಡೆದಳಂತೆ. ಅವನೂ ನಡೆದ. ದಡ ಹತ್ತಿದ ಮೇಲೆ ಪುಟ್ಟಮ್ಮ ಅವಳನ್ನು ಪಕ್ಕಕ್ಕೆ ಎಳೆದರೆ ಸುಲ್ತಾನ ನಿಲ್ಲುತ್ತಿದ್ದ, ಬಿಟ್ಟರೆ ಹೊರಡುತ್ತಿದ್ದ. ಮುಹೂರ್ತವೆಂಬುದು ನಮ್ಮಲ್ಲಿಲ್ಲ, ಆದರೂ ಖಾಜಿ ಸಾಹೇಬರು ಕಾಯುತ್ತಿದ್ದರು. "ಬುಡು ಪುಟ್ಟಮ್ಮ, ಮುಂದೆ ನಡೀಲಿ" ಎಂದರು ಮಾಮು, ಸೋತ ದನಿಯಲ್ಲಿ.

ಹೀಗೆ ಬ್ಯಾಂಡು, ಅದರ ಹಿಂದೆ ಕತ್ತೆ, ಅದರ ಹಿಂದೆ ನಾನು, ಖಲೀಲ್ ಸಾಹೇಬರ ಬೀದಿ ಪ್ರವೇಶಿಸಿದೆವು. ಎರಡೂ ಕಡೆ ಜನ ಹೊಟ್ಟೆ ಹಿಡಿದು ನಗುವುದು ಕೇಳಿಸುತ್ತಿತ್ತು. ನನ್ನ ಮದುವೆಗೆ ಗುಬ್ಬಿಯ ಜನಕ್ಕೆ ಇಷ್ಟೊಂದು ಸಂತೋಷವೇ ಎಂದು ನನ್ನ ಮನಸ್ಸು ತುಂಬಿ ಬಂತು. ಸೆಹರಾದ ಒಳಗಿನಿಂದಲೇ ಎಲ್ಲರಿಗೂ ಸಲಾಮು ಮಾಡುತ್ತ ಹೋದೆ.

ಮನೆಯ ಮುಂದೆ ನಗು ಥಟ್ಟನೆ ನಿಂತಿತು. ಖಲೀಲ್ ಸಾಹೇಬರು ಕೇಳಿದರು, "ರಹೀಂ ಸಾಹೇಬ್ರೇ, ಇದು ಯಾರು?"

ಮಾಮು ಗಂಟಲು ಸರಿಮಾಡಿಕೊಂಡು, "ನಮ್ ಕಡೆಯೋರು" ಎಂದರು.

ಸೆಹರಾ ಒಂದಿಷ್ಟು ಸರಿಸಿ ನೋಡಿದೆ. ಖಲೀಲ್ ಸಾಹೇಬರ ಮುಖ ಮೆಣಸಿನಕಾಯಿಯಾಗಿತ್ತು. ಮಾಮು ನೆಲ ನೋಡುತ್ತಿದ್ದರು. ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದ ಮನುಷ್ಯ ಹಾಗೆ ತಲೆ ತಗ್ಗಿಸಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಇಳಿದುಬಿಡೋಣ, ಆದದ್ದಾಗಲಿ ಎಂದು ರಿಕಾಪಿನಲ್ಲಿ ಕಾಲು ತಡಕಾಡುತ್ತಿದ್ದೆ. ಅಷ್ಟರಲ್ಲಿ ಜಮೀಲಾಳ ಅಜ್ಜಿ, ಮನೆಯವರೆಲ್ಲ ಹೆದರುತ್ತಿದ್ದ ದಾದಿ, ಹಾರದ ತಟ್ಟೆ ಹಿಡಿದು ಮೆಟ್ಟಿಲು ಇಳಿದು ಬಂದರು. ಕತ್ತೆಯನ್ನು ಮೇಲಿನಿಂದ ಕೆಳಗೆ ನೋಡಿದರು. ಮೊದಲ ಹಾರವನ್ನು ಎತ್ತಿ ಚೆಲುವಿಯ ಕೊರಳಿಗೆ ಹಾಕಿದರು.

"ಅಮ್ಮೀ!" ಎಂದರು ಖಲೀಲ್ ಸಾಹೇಬರು.

"ಸುಮ್ನಿರೋ. ನಿನ್ ಮದುವೆಗೆ ನಿನ್ನ ಕರ್ಕೊಂಡು ಬಂದವ್ರು ಇದಕ್ಕಿಂತ ಹೆಚ್ಚೇನೂ ಬುದ್ಧಿವಂತರಾಗಿರ್ಲಿಲ್ಲ" ಎಂದರು ದಾದಿ.

ಮೊದಲು ನಕ್ಕದ್ದು ಮಹಡಿಯ ಕಿಟಕಿ. ಬಳೆಗಳ ಸದ್ದಿನ ಜೊತೆ ಬಂದ ಆ ನಗು ಮದುಮಗಳದ್ದೇ ಎಂದು ಆಮೇಲೆ ಗೊತ್ತಾಯಿತು. ಖಲೀಲ್ ಸಾಹೇಬರು ತಡೆದು ತಡೆದು ಕೊನೆಗೆ ಮಾಮುವಿನ ಹೆಗಲಿಗೆ ಒರಗಿಕೊಂಡು ನಕ್ಕರು. ಚೆಲುವಿ ಮಾತ್ರ ಹಾರದ ಸೇವಂತಿಗೆಯನ್ನು ಒಂದೊಂದಾಗಿ ತಿನ್ನುತ್ತ ಗಂಭೀರಳಾಗಿ ನಿಂತಿದ್ದಳು.

ಮದುವೆಯ ಗದ್ದಲ ಕಳೆದ ಮೇಲೆ ನಾನೂ ಜಮೀಲಾಳೂ ಮಾಮುವಿನ ಮನೆಯಿಂದ ಜಟಕಾ ಹತ್ತಿ ತುಮಕೂರಿಗೆ ಹೊರಟೆವು. ಹಿಂದಿನ ದಿನ ಮಳೆಯಾಗಿ ಹಳ್ಳ ಏರಿತ್ತು, ಚಪ್ಪಡಿಗಳು ಮುಳುಗಿದ್ದವು. ಪುಟ್ಟಮ್ಮ ಚೆಲುವಿಯನ್ನು ಹೊಡೆದುಕೊಂಡು ಮಗಳ ಊರಿಗೆ ಹೋಗಿದ್ದಳು. ಸುಲ್ತಾನ ಆ ದಡವನ್ನು ನೋಡಿದ, ಖಾಲಿ. ನಿಂತುಬಿಟ್ಟ. ಸುತ್ತಿಕೊಂಡು ಹೋದರೆ ರೈಲು ತಪ್ಪುತ್ತಿತ್ತು. ನಾನೂ ಮಾಮುವೂ ಮುಖ ಮುಖ ನೋಡಿಕೊಳ್ಳುವಷ್ಟರಲ್ಲಿ ಜಮೀಲಾ ಜಟಕಾದಿಂದ ಇಳಿದಳು.

"ಗಾಡಿ ಬಿಚ್ಚಿ ಮಾಮು. ಮೊದ್ಲು ಬರೀ ಮೈಯಲ್ಲಿ ಹೋಗಿ ಬರ್ಲಿ" ಎಂದಳು. ಮಾಮು ಗಾಡಿ ಬಿಚ್ಚಿದರು. ಅವಳು ಹಗ್ಗವನ್ನು ಸಡಿಲವಾಗಿ ಹಿಡಿದು, ಎಳೆಯದೆ, ಅವನ ಪಕ್ಕದಲ್ಲಿ ನಿಂತಳು. ಕತ್ತಿನ ಮೇಲೆ ಕೈಯಿಟ್ಟು ಏನೋ ಮಾತಾಡಿದಳು. ನೀರಿನ ಸದ್ದಿನಲ್ಲಿ ನನಗೆ ಕೇಳಿಸಲಿಲ್ಲ. ಅವನು ಮೂಸುವಷ್ಟು ಮೂಸಿದ. ಅವಳು ಕಾದಳು. ಆಮೇಲೆ ಇಬ್ಬರೂ ಇಳಿದರು. ಹೊಸ ಸೀರೆ ಮೊಣಕಾಲಿನವರೆಗೆ ನೆನೆಯಿತು. ಆ ದಡ ಮುಟ್ಟಿ, ತಿರುಗಿ, ಗಾಡಿ ಕಟ್ಟಲು ವಾಪಸು ಬಂದರು.

ಮಾಮು ಸುಲ್ತಾನನ ಬೆನ್ನು ತಟ್ಟಿದರು. ಗಾಡಿ ಕಟ್ಟಿ ಲಗಾಮು ಹಿಡಿದು ಕೂತರು. ಅವಳು ಹತ್ತಿ, ಟ್ರಂಕಿನ ಪಕ್ಕ ಕೂತು ಸೀರೆ ಹಿಂಡಿಕೊಳ್ಳುತ್ತ ನನಗೆ ಹೇಳಿದಳು: "ಪಕ್ಕದಲ್ಲಿ ಒಬ್ರು ಇರ್ಬೇಕು ಅವ್ನಿಗೆ. ಈಗ ನೀವು ನಡೀರಿ."

ಬೂಟು ಕಳಚಿ ಕೈಯಲ್ಲಿ ಹಿಡಿದೆ. ಇನ್ನೊಂದು ಕೈಯಲ್ಲಿ ಸುಲ್ತಾನನ ಕತ್ತಿನ ಕೂದಲು ಹಿಡಿದುಕೊಂಡು ನೀರಿಗೆ ಇಳಿದೆ. ಕಾಲಡಿ ಕಲ್ಲು ಜಾರುತ್ತಿತ್ತು, ನೀರು ಸೆಳೆಯುತ್ತಿತ್ತು. ನಡುವಿಗೆ ಬಂದಾಗ ಯಾರೋ ನಡುಗುತ್ತಿರುವುದು ಗೊತ್ತಾಯಿತು. ಅವನೋ ನಾನೋ ಎಂದು ಗಮನವಿಟ್ಟು ನೋಡಿದರೂ ತಿಳಿಯಲಿಲ್ಲ. ಆದರೆ ಇಬ್ಬರಲ್ಲಿ ಯಾರೂ ನಿಲ್ಲಲಿಲ್ಲ.