ಜ್ವರ ಬಿಟ್ಟ ದಿನವನ್ನು ನಂಬದ ಜೀನತ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಿರವತ್ತಿಯ ನಾಗಪತಿಯವರ ಮನೆಯಲ್ಲಿ ಜೀನತ್ ಮಂಚದ ಕೆಳಗೆ ಬ್ಯಾಟರಿ ಬೆಳಕು ಬಿಟ್ಟು ಬಗ್ಗಿದ್ದಾರೆ. ಬಾಯಲ್ಲಿ ರಬ್ಬರ್ ನಳಿಕೆ, ಅದರ ತುದಿಗೆ ಗಾಜಿನ ಕೊಳವೆ, ನಡುವೆ ತೆಳು ಜಾಳಿಗೆ. ಗೋಡೆಗೆ ಕೂತ ಸೊಳ್ಳೆಯ ಹತ್ತಿರ ಕೊಳವೆ ಹಿಡಿದು ಸಣ್ಣಗೆ ಉಸಿರೆಳೆಯುತ್ತಾರೆ. ಸೊಳ್ಳೆ ಒಳಗೆ.

ಬಾಗಿಲಲ್ಲಿ ನಾಗಪತಿಯವರ ಹೆಂಡತಿ ಗಂಗೆ ಕಾವಲು. “ಎಲ್ಲಾ ತಗೊಂಡ್ ಹೋಗು. ನಿನ್ನವು ನಾಕ್ ಇಲ್ಲೇ ಬಿಟ್ ಹೋಗಬ್ಯಾಡ.”

“ಹಿಡಿಯಾಕಷ್ಟ ಕೂಲಿ ಕೊಡ್ತಾರಕ್ಕಾ, ಬಿಡಾಕ ಕೊಡಂಗಿಲ್ಲ.”

ಯಲ್ಲಾಪುರದ ಜೀನತ್ ಆರೋಗ್ಯ ಇಲಾಖೆಯ ದಿನಗೂಲಿ ನೌಕರೆ. ಹಿಡಿದ ಸೊಳ್ಳೆಗಳಲ್ಲಿ ಡೆಂಗಿ ವೈರಸ್ ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡುತ್ತಾರೆ. ಊರವರಿಗೆ ಈಕೆಯ ಮೇಲೆ ಗುಮಾನಿ. ಸೊಳ್ಳೆ ಮಾರುತ್ತಾಳೆ ಎನ್ನುವವರಿದ್ದಾರೆ, ತಂದು ಬಿಡುತ್ತಾಳೆ ಎನ್ನುವವರೂ ಇದ್ದಾರೆ.

ಜೀನತ್‌ಗೆ ಗುಮಾನಿ ಬೇರೆಯದರ ಮೇಲೆ, ರೋಗ ತಡೆಯಬೇಕಾದ ಮೈಯ ಕಾವಲಿನ ಮೇಲೆ. ತರಬೇತಿಯಲ್ಲಿ ಕೇಳಿದ್ದನ್ನು ತಮ್ಮ ಮಾತಲ್ಲೇ ಹೇಳುತ್ತಾರೆ: “ಸೊಳ್ಳಿ ಮೈಯಾಗೂ ಕಾವಲು ಐತ್ರಿ. ಅದು ವೈರಸ್ಸನ್ನ ಹದ್ದುಬಸ್ತಿನಾಗ ಇಡತೈತಿ, ಹೊರಗ ಹಾಕಂಗಿಲ್ಲ. ಅದಕ್ಕ ಸೊಳ್ಳಿ ಆರಾಮ ಹಾರತೈತಿ. ನಮ್ ಮೈ ಹಂಗಲ್ಲ. ಡೆಂಗಿಯಾಗ ನಾಕ್ ಜಾತಿ. ಮೊದಲನೇದಕ್ಕ ತಯಾರಾದ ಕಾವಲುಗಾರ್ರು ಎರಡನೇ ಜಾತಿ ಬಂದಾಗ ಅದನ್ನ ಹಿಡಿತಾರ, ಕೊಲ್ಲಾಕ ಆಗಂಗಿಲ್ಲ. ಒಮ್ಮೊಮ್ಮೆ ತಾವ ಕೈ ಹಿಡದು ಒಳಗ ಬಿಟ್ಕೋತಾರ.”

ಎಲ್ಲರಿಗೂ ಹಾಗಾಗದು. ಆದರೆ ಹೋದ ಮಳೆಗಾಲದಲ್ಲಿ ನಾಗಪತಿಯವರಿಗೆ ಆಯಿತು. ಹಿಂದೊಮ್ಮೆ ಡೆಂಗಿ ಬಂದಿದ್ದರಿಂದ ಮತ್ತೆ ಬಾರದು ಎಂದೇ ಮನೆಯವರ ನಂಬಿಕೆ. ಜ್ವರ ಬಿಟ್ಟ ಬೆಳಿಗ್ಗೆ ತಲೆಗೆ ನೀರು ಹಾಕಲು ಹಂಡೆ ಕಾಯುತ್ತಿತ್ತು. ಸೊಳ್ಳೆ ಹಿಡಿಯಲು ಬಂದ ಜೀನತ್ ಕಂಡದ್ದು, ಹೊಟ್ಟೆ ಹಿಡಿದು ಮುದುಡಿದ್ದ ಮನುಷ್ಯನನ್ನು. ಕೈ ಮುಟ್ಟಿದರೆ ತಣ್ಣಗೆ. ವಸಡಿನಲ್ಲಿ ರಕ್ತ. ಡೆಂಗಿ ವಿಕೋಪಕ್ಕೆ ಹೋಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ.

“ಜಳಕ ಆಮ್ಯಾಲೆ. ಮೊದ್ಲ ದವಾಖಾನಿಗೆ ನಡೀರಿ.”

“ಒಬ್ರನ್ ಕರ್ಕೊಂಡ್ ಹೋದ್ರ ನಿನಗ ಎಷ್ಟ್ ಕೊಡ್ತಾರವಾ?” ಗಂಗೆ ಕೇಳಿದ್ದರು.

ಜೀನತ್ ತಮ್ಮನಾದ ಇಸಾಕ್‌ಗೆ ಫೋನ್ ಮಾಡಿ ಟೆಂಪೊ ತರಿಸಿದರು. ರಕ್ತನಾಳದಿಂದ ನೀರಿನಂಶ ಸೋರತೊಡಗಿದೆ, ಸಂಜೆಯಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ನಾಗಪತಿ ಬದುಕಿ ಬಂದರು.

ಇಷ್ಟಾದರೂ ಬಾಗಿಲ ಕಾವಲು ತಪ್ಪಿಲ್ಲವಲ್ಲ ಎಂದರೆ ಜೀನತ್ ನಗುತ್ತಾರೆ. “ನನ್ನ ನಂಬೂದು ಬ್ಯಾಡ್ರಿ. ಜ್ವರ ಬಿಟ್ಟ ದಿನ ಒಂದ್ ಫೋನ್ ಹಚ್ಚಿದ್ರ ಸಾಕು.”

ಹೋದ ವಾರ ಗಂಗೆಯೇ ಹಚ್ಚಿದ್ದರಂತೆ.

“ಬಾಜೂಮನಿ ದಿವ್ಯಾಗ ಜ್ವರ ಬಿಟ್ಟೈತಿ. ನನಗ್ಯಾಕೋ ಅನುಮಾನ. ಲಗೂ ಬಾ.”