ಲಾಭ ಪಾಯಿಂಟ್ ನಾಕು

ಗದಗ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ಪುಣೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ನಾನು ರಜೆಯ ತರಬೇತಿಗೆ ಅರ್ಜಿ ಹಾಕಿದ್ದೆ. ಕೊರ್ಲಹಳ್ಳಿಯ ಹೊಳೆದಂಡೆಯಲ್ಲಿ ಸರ್ವೆ ಕೆಲಸ. ಜಾಗ ಒಂದೇ, ಬಂದ ಹುಡುಗರು ಹಲವರು.

ಗದಗಿನ ಕಚೇರಿಯ ಅಂಗಳದಲ್ಲಿ ಪರೀಕ್ಷೆ. ಲೆವೆಲ್ ಯಂತ್ರದ ದುರ್ಬೀನಿನಲ್ಲಿ ದೂರದ ಅಳತೆಪಟ್ಟಿಯನ್ನು ನೋಡಿ, ಕಂಡ ಅಂಕಿಯನ್ನು ಗಟ್ಟಿಯಾಗಿ ಹೇಳುತ್ತ ಸಾಲಾಗಿ ನೆಟ್ಟ ಗೂಟಗಳ ನಡುವಿನ ನೆಲದ ಏರಿಳಿತ ಲೆಕ್ಕ ಹಾಕಬೇಕು. ನಾನು ಕಣ್ಣಿಟ್ಟು ಕೂಗಿದೆ: "ಲಾಭ ಪಾಯಿಂಟ್ ನಾಕು!"

ಹುಡುಗರೆಲ್ಲ ನಕ್ಕರು. ಲಕ್ಷ್ಮೇಶ್ವರದಲ್ಲಿ ನಮ್ಮದು ಕಾಳಿನ ಅಂಗಡಿ. ಜೋಳ ಅಳೆಯುವಾಗ ಮೊದಲ ಸೇರಿಗೆ ಒಂದು ಎನ್ನದೆ ಲಾಭ ಎನ್ನುವುದು ಪದ್ಧತಿ. ರೂಢಿಯ ಬಾಯಿ ಅದನ್ನೇ ಹೇಳಿತ್ತು.

"ಏನೋ ತಮ್ಮಾ, ಜ್ವಾಳ ಅಳ್ಯಾಕ ಬಂದೀ ಏನು?" ಎಂದರು ಪರೀಕ್ಷೆ ಮಾಡುತ್ತಿದ್ದ ಇಂಜಿನಿಯರ್ ಸಾಹೇಬರು.

"ತಪ್ಪಾತ್ರಿ ಸಾಹೇಬ್ರ. ಒಂದು ಪಾಯಿಂಟ್ ನಾಕು."

ಉಳಿದವರು ಕೊನೆಯ ಗೂಟ ಮುಟ್ಟಿ ಕೆಲಸ ನಿಲ್ಲಿಸಿದ್ದರು. ಅಳೆದ ಕಾಳನ್ನು ಮತ್ತೊಮ್ಮೆ ಅಳೆಯದೆ ಅಪ್ಪ ಚೀಲ ಹೊಲಿಯುತ್ತಿರಲಿಲ್ಲ. ನಾನೂ ಹಾಗೆಯೇ ಮತ್ತೆ ಅಳೆಯುತ್ತ, ಮೊದಲು ಹೊರಟಿದ್ದ ಗೂಟಕ್ಕೇ ಮರಳಿ ಲೆಕ್ಕ ತಾಳೆ ನೋಡಿದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಸಾಹೇಬರು ಈಗ ತಾವೇ ನಕ್ಕರು. "ಲಾಭ ಅಂತ ಸುರು ಮಾಡಿದಿ, ಲುಕ್ಸಾನ ಇಲ್ದಂಗ ಮುಗಿಸಿದಿ. ಸೋಮವಾರ ಜಲ್ದಿ ಕೊರ್ಲಹಳ್ಳಿಗೆ ಬಾ."

ಊರಿಗೆ ಬಂದು ಸುದ್ದಿ ಹೇಳಿದಾಗ ಅಪ್ಪ ಗಿರಾಕಿಗೆ ಜೋಳ ಅಳೆಯಲು ಸೇರು ಎತ್ತಿದ್ದರು. ಕೈ ನಿಲ್ಲಿಸಲಿಲ್ಲ, ನನ್ನತ್ತ ತಿರುಗಲೂ ಇಲ್ಲ. ಆದರೆ ಅಂದು ಅವರು "ಲಾಭ" ಎಂದದ್ದು ಇಡೀ ಪೇಟೆಗೆ ಕೇಳಿಸಿತು.