ಹುಲುಗೇಶನ ಹೆಸರಿನ ಕಂತು

ಗಂಡ ಸತ್ತ ಮೇಲೂ ಅನುಸೂಯಾ ಅವನ ಹೆಸರಿನಲ್ಲಿ ತಿಂಗಳು ತಿಂಗಳು ಬ್ಯಾಂಕಿಗೆ ದುಡ್ಡು ಕಟ್ಟುತ್ತಿದ್ದಳು. ಇದು ಹೊಸಪೇಟೆಯ ನಮ್ಮ ಓಣಿಗೆಲ್ಲ ಗೊತ್ತಿತ್ತು. ಯಾರಿಗೂ ತಪ್ಪು ಅನ್ನಿಸಿರಲಿಲ್ಲ. ಎಂಥ ಹೆಂಗಸು ನೋಡ್ರಿ, ಗಂಡನ ಮಾತು ಉಳಿಸಿದಳು ಎಂದು ಹೊಗಳುವವರೇ ಎಲ್ಲರೂ. ಹೊಗಳಿಕೆಗೆ ಖರ್ಚಿಲ್ಲವಲ್ಲ, ನಮ್ಮ ಓಣಿಯವರು ಅದರಲ್ಲಿ ಧಾರಾಳಿಗಳು.

ನಾನು ಅವಳ ಎದುರು ಮನೆಯವಳು, ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತೇನೆ. ನಮ್ಮ ಕಡೆ ಪಾಠ ಹೇಳುವ ಹೆಂಗಸರಿಗೆಲ್ಲ ಅಕ್ಕೋರು ಎಂದೇ ಹೆಸರು. ಅನುಸೂಯಾಳಿಗೂ ನಾನು ಅಕ್ಕೋರೇ.

ಅವಳ ಗಂಡ ಹುಲುಗೇಶ ಸಂಡೂರು ತಾಲೂಕಿನ ಬಂಡ್ರಿಯವನು. ಗಣಿಯ ಕೆಲಸ ಕುದುರಿದಾಗ ಇಲ್ಲಿಗೆ ಬಂದು ಟಿಪ್ಪರ್ ಓಡಿಸತೊಡಗಿದ. ಗಾಡಿ ಇನ್ನೊಬ್ಬರದು, ಸ್ಟೇರಿಂಗ್ ಮಾತ್ರ ಇವನದು. ಆಗ ಅದಿರಿನ ಲಾರಿಗಳಿಗೆ ಹಗಲು ರಾತ್ರಿ ಎಂಬುದಿರಲಿಲ್ಲ. ಹೊರಗೆ ಹಾಕಿದ ಬಟ್ಟೆ ಒಣಗುವುದರೊಳಗೆ ಕೆಂಪಾಗುತ್ತಿತ್ತು. ದುಡ್ಡು ಎಲ್ಲರ ಕೈಯಲ್ಲೂ ಆಡುತ್ತಿತ್ತು, ನಿಂತದ್ದು ಕೆಲವರ ಕೈಯಲ್ಲಿ ಮಾತ್ರ. ದುಡ್ಡಿನ ವಾಸನೆ ಹಿಡಿದು ಟೈ ಕಟ್ಟಿದ ಹುಡುಗರು ಬಂದರು. ಲಾರಿ ಆಫೀಸಿನ ಮುಂದೆ ಮೇಜು ಹಾಕಿ, ಸಂಬಳದ ಚೀಟಿ ತೋರಿಸಿದವರಿಗೆಲ್ಲ ಕ್ರೆಡಿಟ್ ಕಾರ್ಡು ಬರೆದುಕೊಟ್ಟರು. ಹಂಪಿಗೆ ಬರುವ ಬಿಳಿಯರ ಕೈಯಲ್ಲಿ ಮಾತ್ರ ನೋಡಿದ್ದ ಕಾರ್ಡು ಹುಲುಗೇಶನ ಅಂಗಿಯ ಜೇಬಿಗೂ ಬಂತು. ಪೂರ್ತಿ ಫ್ರೀ ಎಂದಿದ್ದರಂತೆ. ಫ್ರೀ ಎಂಬುದು ಮೊದಲ ವರ್ಷಕ್ಕೆ ಮಾತ್ರ ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು, ಬಾಯಲ್ಲಿ ಯಾರೂ ಹೇಳಲಿಲ್ಲ.

ಆ ಕಾರ್ಡಿನಲ್ಲಿ ಅವನು ಟಿವಿ ತಂದ, ಫ್ರಿಜ್ ತಂದ. ತಾಯಿ ಭೀಮವ್ವನ ಕಣ್ಣಿನ ಆಪರೇಷನ್ನಿಗೆ ಎಟಿಎಮ್ಮಿನಿಂದ ನಗದನ್ನೂ ತೆಗೆದ. ಆಮೇಲೆ ಒಂದು ಮಳೆಗಾಲದಲ್ಲಿ ಸಂಡೂರಿನ ಇಳಿಜಾರಿನಲ್ಲಿ ಟಿಪ್ಪರ್ ಮಗುಚಿತು. ಗಾಡಿಯ ಮಾಲೀಕ ಮಣ್ಣು ಮಾಡುವ ಖರ್ಚು ಕೊಟ್ಟ. ಪರಿಹಾರದ ಕೇಸು ಕೋರ್ಟು ಸೇರಿತು, ಇನ್ನೂ ಅಲ್ಲೇ ಇದೆ.

ಮಣ್ಣಾದ ಮಾರನೆಯ ವಾರ ಓಣಿಯ ಸುಂಕಮ್ಮ ಅನುಸೂಯಾಳ ಮನೆಗೆ ಬಂದಳು. ಸುಂಕಮ್ಮನ ಗಂಡನಿಗೆ ಸ್ವಂತ ಲಾರಿ ಇತ್ತು, ಫೈನಾನ್ಸ್ ಸಾಲದ್ದು. ಅವನು ಸತ್ತ ಸುದ್ದಿ ತಿಳಿದದ್ದೇ ತಡ, ಫೈನಾನ್ಸಿನವರು ಬಂದು, ತಿಥಿಯ ಊಟ ಆಗುವ ಮೊದಲೇ ಗಾಡಿಯನ್ನು ಮನೆ ಮುಂದಿನಿಂದ ಎಳೆದುಕೊಂಡು ಹೋಗಿದ್ದರು. ಅಂದಿನಿಂದ ನಮ್ಮ ಲಾರಿ ಜನದಲ್ಲಿ ಒಂದು ಕಟ್ಟಳೆ. ಗಾಡಿಯವನು ಸತ್ತರೆ ಫೈನಾನ್ಸಿಗೆ ಬಾಯಿ ಬಿಡಬಾರದು, ಸದ್ದಿಲ್ಲದೆ ಕಂತು ಕಟ್ಟುತ್ತಿರಬೇಕು, ಒಳ್ಳೆಯ ಗಿರಾಕಿ ಸಿಕ್ಕಾಗ ಗಾಡಿ ಮಾರಿ ಸಾಲ ತೀರಿಸಿ ಮಿಕ್ಕದ್ದನ್ನು ಉಳಿಸಿಕೊಳ್ಳಬೇಕು. ಲಾರಿಯ ಮಟ್ಟಿಗೆ ಅದು ಶಾಣ್ಯಾತನವೇ. ಸುಂಕಮ್ಮ ಅದನ್ನೇ ಕಾರ್ಡಿಗೂ ಹಚ್ಚಿದಳು.

"ಬ್ಯಾಂಕಿನವ್ರ ಮುಂದ ಬಾಯಿ ಬಿಡಬ್ಯಾಡ ತಂಗಿ. ಕಂತು ಮಾತ್ರ ಒಂದೂ ತಪ್ಪಿಸಬ್ಯಾಡ. ಕಂತು ನಡದ್ರ ಯಾರೂ ಬಾಗಲಿಗೆ ಬರಂಗಿಲ್ಲ."

ಸುಂಕಮ್ಮನನ್ನು ನಾನು ಬೈಯುವುದಿಲ್ಲ. ತಾನು ಸುಟ್ಟುಕೊಂಡದ್ದನ್ನು ಇನ್ನೊಬ್ಬಳು ಮುಟ್ಟದಿರಲಿ ಎಂದು ಬಂದವಳು ಅವಳು.

ಅನುಸೂಯಾ ಗುಡಿಯ ಮುಂದೆ ಆಣೆ ಮಾಡಿದವಳ ಹಾಗೆ ಆ ಮಾತನ್ನು ಹಿಡಿದುಬಿಟ್ಟಳು. ವರ್ಷದ ಎಡೆ ಇಡುವುದರೊಳಗೆ ಗಂಡನ ಸಾಲ ತೀರಬೇಕು, ಅಷ್ಟೇ ಅವಳಿಗೆ ಬೇಕಾದದ್ದು. ಅವಳಿಗೆ ಬೇಕು ಅನ್ನಿಸಿದ್ದು ಆಗ ಅದೊಂದೇ ಇರಬೇಕು. ಊಟ ಆಯಿತೇನು ಎಂದು ಕೇಳಿದರೆ ನೆನಪು ಮಾಡಿಕೊಂಡು ಉತ್ತರ ಕೊಡುತ್ತಿದ್ದಳು. ಹಬ್ಬ ಬಂದರೂ ಅದೇ ಮುಖ, ಹೋದರೂ ಅದೇ ಮುಖ. ಒಮ್ಮೆ ನಮ್ಮ ಮನೆಯಲ್ಲಿ ಬಿಸಿ ಪಾತ್ರೆ ಬರಿಗೈಯಲ್ಲಿ ಇಳಿಸಿಟ್ಟು, ನಾನು ಕೂಗಿಕೊಂಡ ಮೇಲೆ ಕೈ ನೋಡಿಕೊಂಡಳು. ಸುಟ್ಟಿತ್ತು. ಸುಟ್ಟೈತ್ರಿ ಎಂದಳು, ಬೇರೆ ಯಾರದೋ ಕೈಯನ್ನು ನೋಡಿದವಳ ಹಾಗೆ.

ಲಾರಿ ಸ್ಟ್ಯಾಂಡಿನ ಹತ್ತಿರದ ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದಳು. ಸಂಬಳ ಹತ್ತನೇ ತಾರೀಖಿಗೆ. ಕಾರ್ಡಿನ ಬಿಲ್ಲು ಐದನೇ ತಾರೀಖಿನೊಳಗೆ ಕಟ್ಟಬೇಕಿತ್ತು. ಆದರೆ ಲಾರಿ ಕಂತಿಗೆ ನಾಲ್ಕು ದಿನ ಆಚೀಚೆ ಆದರೆ ಯಾರೂ ಕೇಳುವುದಿಲ್ಲ, ತಿಂಗಳೊಳಗೆ ಮುಟ್ಟಿದರೆ ಸಾಕು. ಇದೂ ಹಾಗೆಯೇ ಎಂದುಕೊಂಡಳು. ಬಿಲ್ಲಿನಲ್ಲಿ ಒಂದು ದೊಡ್ಡ ಮೊತ್ತ, ಒಂದು ಸಣ್ಣ ಮೊತ್ತ. ದೊಡ್ಡದು ಸಾಲ, ಸಣ್ಣದು ಕಂತು ಎಂದು ಅವಳೂ ತಿಳಿದಳು, ಸುಂಕಮ್ಮನೂ ತಿಳಿದಳು. ಕೇಳಿದ್ದರೆ ನಾನೂ ಹಾಗೆಯೇ ಹೇಳುತ್ತಿದ್ದೆನೋ ಏನೋ. ತಿಂಗಳಿಗೊಮ್ಮೆ ಒಗೆದ ಸೀರೆ ಉಟ್ಟು, ಬ್ಯಾಂಕಿನ ಚೀಟಿಯ ಮೇಲೆ ಗಂಡನ ಹೆಸರನ್ನು ನಿಧಾನವಾಗಿ ಬರೆದು, ಆ ಸಣ್ಣ ಮೊತ್ತವನ್ನು ಕಟ್ಟಿ ಬರುತ್ತಿದ್ದಳು.

ವರ್ಷ ತುಂಬುವ ಹೊತ್ತಿಗೆ ಒಂದು ಶನಿವಾರ ನಮ್ಮ ಮನೆಗೆ ಬಂದಳು. ಕಿವಿಯಲ್ಲಿ ಬೆಂಡೋಲೆ ಇರಲಿಲ್ಲ. ಮಾರಿ ಬಂದಿದ್ದಳು. ಉಳಿದ ಕಂತುಗಳನ್ನೆಲ್ಲ ಒಂದೇ ಸಲ ಮುಗಿಸಿ, ಲಾರಿ ಸಾಲ ತೀರಿಸಿದವರಿಗೆ ಕೊಡುವಂಥ, ಬಾಕಿ ಇಲ್ಲ ಎಂಬ ಕಾಗದ ತರಬೇಕಂತೆ. ಇಂಗ್ಲಿಷ್ ಬಲ್ಲವರೊಬ್ಬರು ಜೊತೆಗೆ ಬೇಕು ಎಂದಳು.

"ಸಾಲ ಹೊತ್ಕೊಂಡು ಹೋದವ್ರಿಗೆ ಎಡಿ ಹೆಂಗ ಮುಟ್ಟತೈತ್ರಿ ಅಕ್ಕೋರೆ?" ಎಂದಳು.

ಬ್ಯಾಂಕಿಗೆ ಹೋದೆವು. ಅಲ್ಲಿದ್ದ ಅಧಿಕಾರಿ ತಿಪ್ಪೇಶ್ ಎಂಬ ಕಂಪ್ಲಿಯ ಹುಡುಗ, ಬಂದು ಇನ್ನೂ ಹೊಸತು. ಕಂಪ್ಯೂಟರಿನಲ್ಲಿ ನೋಡಿ ಹೇಳಿದ ಬಾಕಿಯನ್ನು ಕೇಳಿ, ಬೇರೆಯವರ ಲೆಕ್ಕ ತೆಗೆದಿದ್ದಾನೆಂದು ನಾನು ಗದರಿಸಿದೆ. ಹುಲುಗೇಶ ಸತ್ತ ತಿಂಗಳು ಎಷ್ಟಿತ್ತೋ ಹೆಚ್ಚುಕಡಿಮೆ ಅಷ್ಟೇ ಇತ್ತು.

ಅವನು ಸಿಟ್ಟಾಗದೆ ಬಿಡಿಸಿ ಹೇಳಿದ. ಆ ಸಣ್ಣ ಮೊತ್ತ ಕಂತಲ್ಲ. ಕಾರ್ಡು ಕೆಡದಿರಲು ಕಟ್ಟಲೇಬೇಕಾದ ಕನಿಷ್ಠ, ಅಷ್ಟೇ. ಅದನ್ನು ಎಷ್ಟು ನಿಯತ್ತಾಗಿ ಕಟ್ಟಿದರೂ ಉಳಿದದ್ದಕ್ಕೆ ತಿಂಗಳಿಗೆ ನೂರಕ್ಕೆ ಮೂರು ರೂಪಾಯಿಯ ಹತ್ತಿರ ಬಡ್ಡಿ, ಬಡ್ಡಿಯ ಮೇಲೆ ತೆರಿಗೆ. ಬಿಲ್ಲಿನ ದೊಡ್ಡ ಮೊತ್ತವನ್ನು ತಾರೀಖಿನೊಳಗೆ ಪೂರ್ತಿ ಕಟ್ಟುವವನಿಗೆ ಮಾತ್ರ ಸಾಮಾನು ಕೊಂಡದ್ದರ ಮೇಲೆ ಬಡ್ಡಿ ಇಲ್ಲ. ಎಟಿಎಮ್ಮಿನಿಂದ ತೆಗೆದ ನಗದಿಗೆ ಆ ರಿಯಾಯಿತಿಯೂ ಇಲ್ಲ. ತೆಗೆದ ಕೂಡಲೇ ಫೀಸು, ಅಂದಿನಿಂದಲೇ ಬಡ್ಡಿ. ಐದರ ಬದಲು ಹತ್ತಕ್ಕೆ ಕಟ್ಟಿದ್ದರಿಂದ ಪ್ರತಿ ತಿಂಗಳೂ ಲೇಟ್ ಫೀಸು ಬಿದ್ದಿತ್ತು. ಚೆಕ್ಕು ಕೊಡದೆ ಕೌಂಟರಿನಲ್ಲಿ ನಗದು ಕೊಟ್ಟದ್ದಕ್ಕೂ ಒಂದು ಫೀಸು. ಎರಡನೇ ವರ್ಷ ಹಿಡಿದ ಮೇಲೆ ಕಾರ್ಡು ಇಟ್ಟುಕೊಂಡದ್ದಕ್ಕೆ ವರ್ಷದ ಫೀಸು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಗಿತ್ತು ಇವಳು ಕಟ್ಟಿದ್ದು.

ನನಗೆ ಮೈಯೆಲ್ಲ ಉರಿಯಿತು. ತಿಂಗಳು ತಿಂಗಳು ಇದೇ ಕಿಟಕಿಗೆ ಬಂದು ನಿಂತವಳಿಗೆ ಒಬ್ಬರಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದೆ. ಕೌಂಟರಿನವರಿಗೆ ದುಡ್ಡು ತೆಗೆದುಕೊಳ್ಳುವುದಷ್ಟೇ ಕೆಲಸ, ಕಾರ್ಡಿನ ಲೆಕ್ಕ ಬೇರೆ ಊರಿನ ಆಫೀಸಿನಲ್ಲಿ ಎಂದು ಅವನು ತಲೆ ತಗ್ಗಿಸಿದ. ತಪ್ಪು ಯಾರದು ಎಂದು ಕೇಳಿದರೆ ಅದು ಯಾವಾಗಲೂ ಬೇರೆ ಊರಿನಲ್ಲೇ ಇರುತ್ತದೆ.

ಅನುಸೂಯಾ ಬೆಂಡೋಲೆಯ ದುಡ್ಡನ್ನು ಮೇಜಿನ ಮೇಲಿಟ್ಟು, ಇದರಲ್ಲಿ ಎಷ್ಟು ತೀರುತ್ತದೋ ನೋಡಿ ಎಂದಳು. ತಿಪ್ಪೇಶ್ ಅದನ್ನು ಮುಟ್ಟಲಿಲ್ಲ. ಕಾರ್ಡು ಯಜಮಾನರ ಹೆಸರಿನಲ್ಲಿದೆಯಲ್ಲ, ಅವರೇ ಒಮ್ಮೆ ಬಂದು ಮಾತಾಡಿದರೆ ಏನಾದರೂ ಕಡಿಮೆ ಮಾಡಿಸಬಹುದು, ಯಾವಾಗ ಬರುತ್ತಾರೆ ಎಂದು ಕೇಳಿದ.

ಅವಳು ಬಾಯಿ ಬಿಡಲಿಲ್ಲ. ಸುಂಕಮ್ಮನ ಕಟ್ಟಳೆಯನ್ನು ಆಗಲೂ ಕಾಯುತ್ತಿದ್ದಾಳೆ ಎಂದುಕೊಂಡು ನಾನೇ ಹೇಳಿದೆ. ಆ ಹುಡುಗನ ಮುಖ ಸಣ್ಣದಾಯಿತು. ಹೊಲ ಮನೆ ಏನಾದರೂ ಅವರ ಹೆಸರಿನಲ್ಲಿತ್ತೇ ಎಂದು ಕೇಳಿದ. ಇರಲಿಲ್ಲ. ಹಾಗಿದ್ದರೆ ಈ ಸಾಲ ನಿಮ್ಮ ಮೇಲೆ ಬರುವುದಿಲ್ಲ ತಾಯಿ ಎಂದ. ಸತ್ತವರು ಬಿಟ್ಟುಹೋದ ಆಸ್ತಿಯಿಂದ ಬ್ಯಾಂಕು ಕೇಳಬಹುದೇ ಹೊರತು, ಸಹಿ ಮಾಡದ ಹೆಂಡತಿಯ ದುಡಿಮೆಯಿಂದ ಅಲ್ಲ. ಆಗಲೇ ತಿಳಿಸಿ ಮರಣ ಪತ್ರ ಕೊಟ್ಟಿದ್ದರೆ ಲೆಕ್ಕ ಅಲ್ಲಿಗೇ ನಿಲ್ಲುತ್ತಿತ್ತು. ಈಗಲಾದರೂ ಕಾರ್ಡಿನ ಆಫೀಸಿಗೆ ಮನೆಯವರೇ ಫೋನಿನಲ್ಲಿ ಹೇಳಿದರೆ ಇವತ್ತೇ ಕಾರ್ಡು ಬಂದ್ ಆಗುತ್ತದೆ, ಪತ್ರವನ್ನು ತಾನೇ ಕಳಿಸುತ್ತೇನೆ ಎಂದು ನಂಬರು ಒತ್ತಿ ರಿಸೀವರನ್ನು ಅವಳ ಕಡೆ ಹಿಡಿದ.

ಅವಳು ಎರಡೂ ಕೈ ಸೆರಗಿನೊಳಗೆ ಎಳೆದುಕೊಂಡಳು.

"ಹೇಳೋದಾದ್ರ ಬ್ಯಾಡ್ರಿ. ಎಷ್ಟು ವರ್ಷ ಆದ್ರೂ ಕಟ್ತೀನಿ."

ನನಗೆ ಆಗ ತಿಳಿಯಿತು. ಸುಂಕಮ್ಮ ಹೇಳಿದಳೆಂದು ಇವಳು ಬಾಯಿ ಮುಚ್ಚಿಕೊಂಡಿರಲಿಲ್ಲ. ಓಣಿಯವರಿಗೆ, ನೆಂಟರಿಗೆ, ಬಂಡ್ರಿಯಲ್ಲಿದ್ದ ಭೀಮವ್ವನಿಗೆ ಯಾರ್ಯಾರೋ ಸುದ್ದಿ ಮುಟ್ಟಿಸಿದ್ದರು. ಗಂಡ ಸತ್ತ ಎಂಬ ಮಾತನ್ನು ಈ ಹೆಂಗಸು ಇವತ್ತಿನವರೆಗೆ ತನ್ನ ಬಾಯಿಂದ ಆಡಿಯೇ ಇರಲಿಲ್ಲ. ಆದರೂ ರಿಸೀವರನ್ನು ತೆಗೆದುಕೊಂಡು ಅವಳ ಕಿವಿಗೆ ಹಚ್ಚಿದೆ. ಜಬರ್ದಸ್ತಿ ಅಂದರೆ ಅನ್ನಲಿ. ಇನ್ನೊಂದು ವರ್ಷ ರೊಟ್ಟಿ ಬಡಿದು ಇವರಿಗೆ ಸುರಿಯುವುದನ್ನು ನೋಡಲು ನನಗೆ ಆಗುತ್ತಿರಲಿಲ್ಲ.

ಆ ಕಡೆ ಒಬ್ಬ ಹುಡುಗಿ ಹುಲುಗೇಶ್ ಅವರಿಗೆ ಫೋನು ಕೊಡಿ ಎಂದದ್ದು ನನಗೂ ಕೇಳಿಸಿತು.

"ಇಲ್ರಿ ಅವ್ರು," ಎಂದಳು ಅನುಸೂಯಾ.

ಮತ್ತೆ ಯಾವಾಗ ಫೋನು ಮಾಡಿದರೆ ಸಿಗುತ್ತಾರೆ ಎಂದು ಹುಡುಗಿ ಕೇಳಿದಳು. ಅನುಸೂಯಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ಸಿಗಂಗಿಲ್ರಿ. ನಮ್ಮ ಮನಿಯವ್ರು ಸತ್ತಾರ್ರಿ."

ಹುಡುಗಿ ವಿಷಾದದ ಮಾತೇನೋ ಆಡಿ, ಹುಟ್ಟಿದ ತಾರೀಖು, ವಿಳಾಸ ಕೇಳಿ ಬರೆದುಕೊಂಡಳು. ಕೊನೆಗೆ ಇನ್ನೇನಾದರೂ ಸಹಾಯ ಬೇಕೇ ಎಂದಳು. ಏನೂ ಬ್ಯಾಡ್ರಿ ಎಂದು ಅನುಸೂಯಾ ರಿಸೀವರ್ ಇಟ್ಟಳು. ತಿಪ್ಪೇಶ್ ನೋಟುಗಳನ್ನು ಅವಳ ಕಡೆ ಸರಿಸಿ, ಎಲ್ಲ ಮುಗಿಯಿತು ತಾಯಿ, ಇನ್ನು ನೀವು ಒಂದು ರೂಪಾಯಿಯನ್ನೂ ಕಟ್ಟಬೇಕಿಲ್ಲ ಎಂದ. ಅವನಿಗೆ ಸಂತೋಷವಾಗಿತ್ತು, ಪಾಪ.

ಅನುಸೂಯಾ ನೋಟುಗಳನ್ನು ನೋಡುತ್ತ ಕುಳಿತಳು.

"ಸಾಲ ಇರೋತನಕ ಅವ್ರ ಹೆಸರಿಲೆ ತಿಂಗಳಿಗೊಂದು ಕೆಲಸ ಇತ್ರಿ ಅಕ್ಕೋರೆ," ಎಂದಳು. "ಬರೋ ಹತ್ತನೇ ತಾರೀಖಿಗೆ ನಾ ಎಲ್ಲಿಗೆ ಹೋಗ್ಲಿ?"